ಅಡುಗೆಮನೆಗೆ ಬಂದ ಸುಖ ಕೊಟ್ಟಿಗೆಗೂ ಬರಲಿ



ಈ ಸಲ ಕಾಲುಬಾಯಿ ಜ್ವರದ ಬಗ್ಗೆಯಾಗಲಿ, ಖನಿಜ ಮಿಶ್ರಣದ ಬಗ್ಗೆಯಾಗಲಿ ಬರೆಯುತ್ತಿಲ್ಲ. ಹಸುವಿನ ಆರೋಗ್ಯದ ಮಾತು ಪ್ರತಿ ಸಂಚಿಕೆಯಲ್ಲೂ ಬರುತ್ತದೆ. ಹಸು ನೋಡಿಕೊಳ್ಳುವವರ ಸೊಂಟ, ಮಂಡಿ, ಮಣಿಕಟ್ಟಿನ ಬಗ್ಗೆ ಮಾತನಾಡುವವರು ಕಡಿಮೆ. ಪಶುವೈದ್ಯರು ಮನುಷ್ಯರಿಗೆ ಔಷಧಿ ಕೊಡುವಂತಿಲ್ಲ, ನಿಜ. ಆದರೆ ಕೊಟ್ಟಿಗೆಯಲ್ಲಿ ಏನಾಗುತ್ತಿದೆ ಎಂದು ದಿನಾ ನೋಡುವವರು ಹೇಳಲೇಬೇಕಾದ ಮಾತೊಂದಿದೆ.

ಹಳೇಬೀಡು, ಅಡಗೂರು, ಜಾವಗಲ್ ಕಡೆಯ ಹಳ್ಳಿಗಳಲ್ಲಿ ಯಾವ ಮನೆಗೆ ಹೋದರೂ ನನಗೆ ಎರಡು ಕಾಲ ಒಟ್ಟಿಗೆ ಕಾಣುತ್ತವೆ. ಮುಂಬಾಗಿಲಿನಿಂದ ಒಳಗೆ ಹೋದರೆ ಗ್ಯಾಸ್ ಒಲೆ, ಮಿಕ್ಸಿ, ಕುಕ್ಕರ್, ಫ್ಯಾನ್, ಟಿವಿ, ಎಷ್ಟೋ ಮನೆಯಲ್ಲಿ ಫ್ರಿಜ್ಜು. ಹಿತ್ತಲ ಬಾಗಿಲು ದಾಟಿ ಕೊಟ್ಟಿಗೆಗೆ ಕಾಲಿಟ್ಟರೆ ಅಜ್ಜಿಯ ಕಾಲ. ಅದೇ ಕಲ್ಲು ಚಪ್ಪಡಿ, ಅದೇ ಕೊಡ, ಅದೇ ಕುಡುಗೋಲು, ಮೂಲೆಯಲ್ಲಿ ಮಿಣಮಿಣ ಎನ್ನುವ ಒಂದು ಬಲ್ಬು. ನಡುವೆ ಇರುವುದು ಒಂದು ಗೋಡೆ. ಆ ಗೋಡೆಯನ್ನು ದಿನಕ್ಕೆ ಇಪ್ಪತ್ತು ಸಲ ದಾಟಿ ಓಡಾಡುವವರು ನೀವು.

ನಾನು ಹೇಳಬೇಕೆಂದಿರುವುದು ಇಷ್ಟೇ. ಮನೆಯೊಳಗಿನ ಕೆಲಸವನ್ನು ಹಗುರ ಮಾಡಿದ ಸಾಮಾನುಗಳು ಒಳ್ಳೆಯವು, ಅವುಗಳ ಬಗ್ಗೆ ನಾಚಿಕೆ ಬೇಡ. ಆದರೆ ಆ ಸಾಮಾನುಗಳ ದುಡ್ಡಿನಲ್ಲಿ ದೊಡ್ಡ ಪಾಲು ಕೊಟ್ಟಿಗೆಯಿಂದ ಬಂದದ್ದು. ದುಡಿದು ಕೊಟ್ಟ ಕೊಟ್ಟಿಗೆಗೇ ಏನೂ ಬರಲಿಲ್ಲ. ಇನ್ನು ಮುಂದೆ ಸರದಿ ಕೊಟ್ಟಿಗೆಯದು.

ಮನೆಯೊಳಗೆ ಏನು ಬದಲಾಯಿತು

ಹಳೆಯದೆಲ್ಲ ಚೆನ್ನಾಗಿತ್ತು ಎಂದು ಹೇಳುವವರು ಎಲ್ಲ ಊರಲ್ಲೂ ಇದ್ದಾರೆ. ಬೀಸುವ ಕಲ್ಲಿನ ಪದಗಳು ಎಷ್ಟು ಚೆಂದ ಎನ್ನುತ್ತಾರೆ. ಪದ ಚೆಂದವೇ. ಆದರೆ ಹಾಡಿದವರ ಅಂಗೈ ನೋಡಿದವರು ಯಾರು? ನಸುಕಿಗೆ ಮುಂಚೆ ಎದ್ದು ಸೇರುಗಟ್ಟಲೆ ರಾಗಿ ಬೀಸಿ, ಒರಳಲ್ಲಿ ರುಬ್ಬಿ, ಬಾವಿಯಿಂದ ನೀರು ಸೇದಿ, ಹಸಿ ಸೌದೆ ಊದಿ ಕಣ್ಣು ಕೆಂಪು ಮಾಡಿಕೊಂಡ ಹೆಂಗಸರು ಪದ ಕಟ್ಟಿದ್ದು ಕೆಲಸದ ಭಾರ ಮರೆಯಲು. ಊರಿಗೆ ಹಿಟ್ಟಿನ ಗಿರಣಿ ಬಂದ ದಿನ ಯಾರೂ ಬೀಸುವ ಕಲ್ಲಿಗಾಗಿ ಅತ್ತಿರಲಾರರು.

ನಮ್ಮ ರಾಜ್ಯಕ್ಕೆ ಕರೆಂಟು ಬಹಳ ಬೇಗ ಬಂತು. 1902ರಲ್ಲೇ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿಯಿತು, 1905ರಲ್ಲಿ ಬೆಂಗಳೂರಿನ ಬೀದಿಯಲ್ಲಿ ದೀಪ ಹತ್ತಿತು. ಅದೇ ಕರೆಂಟು ಹಳ್ಳಿಯ ಅಡುಗೆಮನೆ ಮುಟ್ಟಲು ಎಷ್ಟೋ ದಶಕ ಹಿಡಿಯಿತು. ಬಡವರ ಮನೆಗೆ ಭಾಗ್ಯಜ್ಯೋತಿಯ ಒಂದು ಬಲ್ಬು ಬಂದಾಗ ಸೀಮೆಎಣ್ಣೆ ಬುಡ್ಡಿ ಅಟ್ಟ ಸೇರಿತು. 2023ರಿಂದ ಗೃಹಜ್ಯೋತಿಯಲ್ಲಿ ಇನ್ನೂರು ಯೂನಿಟ್‌ವರೆಗೆ ಬಿಲ್ಲಿಲ್ಲ.

ಒಲೆಯ ಕಥೆಯೂ ಹಾಗೆಯೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ‘ಅಸ್ತ್ರ’ ಎಂಬ ವಿಭಾಗ ಶುರುವಾಯಿತು. ಹಳ್ಳಿಗೆ ಬೇಕಾದ ತಂತ್ರಜ್ಞಾನವನ್ನು ಹಳ್ಳಿ ನೋಡಿಯೇ ಮಾಡಬೇಕು ಎಂಬುದು ಅವರ ಉದ್ದೇಶ. ಅವರು ಮಾಡಿದ ‘ಅಸ್ತ್ರ ಒಲೆ’ ನಿಮ್ಮಲ್ಲಿ ಹಿರಿಯರಿಗೆ ನೆನಪಿರಬಹುದು. ಮೂರು ಪಾತ್ರೆ ಕೂರುವ, ಹೊಗೆಗೊಳವೆ ಇದ್ದ ಮಣ್ಣಿನ ಒಲೆ. ಅದೇ ಸೌದೆಯಲ್ಲಿ ಹೆಚ್ಚು ಅಡುಗೆ, ಹೊಗೆ ಮಾತ್ರ ಮಾಡಿನಿಂದಾಚೆ. ಆಮೇಲೆ ಸಿಲಿಂಡರ್ ಬಂತು. 2016ರ ಮೇ ತಿಂಗಳಲ್ಲಿ ಉಜ್ವಲ ಯೋಜನೆ ಶುರುವಾದಾಗ ಸಂಪರ್ಕವನ್ನು ಮನೆಯ ಹೆಂಗಸಿನ ಹೆಸರಲ್ಲೇ ಕೊಡಬೇಕೆಂದು ನಿಯಮ ಮಾಡಿದರು. ಈ ನಿಯಮವನ್ನು ಮನಸ್ಸಲ್ಲಿಟ್ಟುಕೊಳ್ಳಿ, ಇದರ ಮಾತು ಮುಂದೆ ಬರುತ್ತದೆ.

ಇಷ್ಟೆಲ್ಲದರಲ್ಲಿ ಯಾವುದು ದೊಡ್ಡದು ಎಂದು ಕೇಳಿದರೆ ಒಬ್ಬರು ಗ್ಯಾಸ್ ಎನ್ನುತ್ತಾರೆ, ಒಬ್ಬರು ಮಿಕ್ಸಿ ಎನ್ನುತ್ತಾರೆ, ಹುಡುಗಿಯರು ಫೋನ್ ಎನ್ನುತ್ತಾರೆ. ನನ್ನ ಓಟು ನಲ್ಲಿಗೆ.

ಮೊದಲು ನೀರು

ಇದಕ್ಕೊಂದು ಸಾಕ್ಷಿ ನಮ್ಮ ಪಕ್ಕದ ತುಮಕೂರು ಜಿಲ್ಲೆಯಲ್ಲೇ ಇದೆ. ಕುಣಿಗಲ್ ತಾಲ್ಲೂಕಿನ ಪುರ ಎಂಬ ಸಣ್ಣ ಹಳ್ಳಿಯಲ್ಲಿ ಅದೇ ‘ಅಸ್ತ್ರ’ದವರು ಊರಿಗೆಲ್ಲ ಸೇರಿ ಒಂದು ದೊಡ್ಡ ಗೋಬರ್ ಗ್ಯಾಸ್ ಘಟಕ ಕಟ್ಟಿದರು. ಅದರ ಅನಿಲವನ್ನು ಅಡುಗೆಗೆ ಕೊಡಬೇಕೆಂಬುದು ಮೊದಲ ಯೋಚನೆ. ಎಲ್ಲ ಮನೆಯ ಅಡುಗೆಗೆ ಆಗುವಷ್ಟು ಸಗಣಿ ಊರಲ್ಲಿರಲಿಲ್ಲ, ಅದು ನಡೆಯಲಿಲ್ಲ. ಆಗ ದಾರಿ ಬದಲಿಸಿದರು. 1987ರಲ್ಲಿ ಅದೇ ಅನಿಲಕ್ಕೆ ಸ್ವಲ್ಪ ಡೀಸೆಲ್ ಸೇರಿಸಿ ಎಂಜಿನ್ ನಡೆಸಿ, ಕೊಳವೆಬಾವಿಯ ನೀರನ್ನು ಮೇಲೆತ್ತಿ ನಲ್ಲಿಗೆ ಕೊಟ್ಟರು, ಮನೆಗಳಿಗೆ ದೀಪ ಕೊಟ್ಟರು. ಸಗಣಿ ತಂದು ಹಾಕಿದವರಿಗೆ ತೂಕದ ಲೆಕ್ಕದಲ್ಲಿ ಹಣ, ಗೊಬ್ಬರದ ಬಗ್ಗಡ ವಾಪಸ್ಸು. ಈ ವ್ಯವಸ್ಥೆ ವರ್ಷಗಟ್ಟಲೆ ನಡೆಯಿತು. ಒಲೆಯ ಹೆಸರಲ್ಲಿ ನಿಲ್ಲದ ಯೋಜನೆ ನೀರು ಮತ್ತು ದೀಪದ ಹೆಸರಲ್ಲಿ ನಿಂತಿತು. ಏನು ಬೇಕೆಂದು ಮೊದಲು ಕೇಳಬೇಕಾದದ್ದು ಬಳಸುವವರನ್ನು ಎಂಬ ಪಾಠವೂ ಇದರಲ್ಲಿದೆ.

ಈಗ ಮನೆ ಮನೆಗೆ ನಲ್ಲಿ ಬರುತ್ತಿದೆ. 2019ರಲ್ಲಿ ಘೋಷಣೆಯಾದ ಜಲ ಜೀವನ್ ಮಿಷನ್ ಯೋಜನೆಯ ಲೆಕ್ಕ ತಲೆಗೆ ದಿನಕ್ಕೆ 55 ಲೀಟರ್. ಇದು ಮನುಷ್ಯರ ಲೆಕ್ಕ. ಹಸುವಿನ ಲೆಕ್ಕ ನಾನು ಹೇಳುತ್ತೇನೆ.

ಹಾಲಿನಲ್ಲಿ ನೂರಕ್ಕೆ ಸುಮಾರು 87 ಭಾಗ ನೀರು. ದಿನಕ್ಕೆ ಹತ್ತು ಲೀಟರ್ ಕೊಡುವ ಮಿಶ್ರತಳಿ ಹಸುವಿಗೆ ಕುಡಿಯಲು ದಿನಕ್ಕೆ 60ರಿಂದ 70 ಲೀಟರ್ ಬೇಕು, ಬೇಸಿಗೆಯಲ್ಲಿ ಇನ್ನೂ ಹೆಚ್ಚು. ಒಂದು ಕೊಡಕ್ಕೆ 15 ಲೀಟರ್ ಹಿಡಿಯಿರಿ. ಒಂದು ಹಸುವಿಗೆ ನಾಲ್ಕರಿಂದ ಐದು ಕೊಡ, ಎರಡು ಹಸುವಿಗೆ ಒಂಬತ್ತು ಕೊಡದ ಮೇಲೆ. ತೂಕದಲ್ಲಿ ನೋಡಿದರೆ ದಿನಕ್ಕೆ ಸುಮಾರು 140 ಕಿಲೋ. ವರ್ಷಕ್ಕೆ ಲೆಕ್ಕ ಹಾಕಿದರೆ 50 ಟನ್ ದಾಟುತ್ತದೆ. ಹತ್ತು ಟನ್ನಿನ ಲಾರಿಯಲ್ಲಿ ಐದು ಲೋಡು. ಅಷ್ಟನ್ನೂ ಸೊಂಟದ ಮೇಲೆ, ತಲೆಯ ಮೇಲೆ ಹೊತ್ತು ಹಾಕುವವರು ಎರಡು ಹಸು ಸಾಕುವ ಒಬ್ಬ ಹೆಂಗಸು. ಕೊಟ್ಟಿಗೆ ತೊಳೆಯುವ ನೀರು ಇದರಲ್ಲಿ ಸೇರಿಲ್ಲ.

ಹೊತ್ತು ಹಾಕುವ ನೀರು ಯಾವತ್ತೂ ಸಾಲುವುದಿಲ್ಲ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಬೂಸ ಕಲಸಿದ ನೀರಿಟ್ಟರೆ ಹಸು ಸಿಕ್ಕಷ್ಟು ಕುಡಿದು ಸುಮ್ಮನಾಗುತ್ತದೆ. ನೀರು ಕಡಿಮೆಯಾದರೆ ಮೇವು ತಿನ್ನುವುದು ಕಡಿಮೆಯಾಗುತ್ತದೆ, ಮೇವು ಕಡಿಮೆಯಾದರೆ ಹಾಲು ಇಳಿಯುತ್ತದೆ. ನೀವು ಹಿಂಡಿ ಬದಲಾಯಿಸುತ್ತೀರಿ, ಟಾನಿಕ್ ಕೇಳುತ್ತೀರಿ. ಎಷ್ಟೋ ಕೊಟ್ಟಿಗೆಯಲ್ಲಿ ಬೇಕಾಗಿರುವುದು ಟಾನಿಕ್ಕಲ್ಲ, ರಾತ್ರಿಯೆಲ್ಲ ಮುಂದಿರುವ ಒಂದು ತೊಟ್ಟಿ ನೀರು.

ಇದಕ್ಕೆ ಬೇಕಾದ ಯಂತ್ರ ಬಹಳ ಸಣ್ಣದು. ಓವರ್‌ಹೆಡ್ ಟ್ಯಾಂಕಿನಲ್ಲಿ ನೀರು ತುಂಬಿದಾಗ ತಾನೇ ನಿಲ್ಲಿಸುವ ಫ್ಲೋಟ್ ವಾಲ್ವ್ ನೋಡಿದ್ದೀರಲ್ಲ, ಅದೇ. ಮನೆಯ ಟ್ಯಾಂಕಿನಿಂದ ಕೊಟ್ಟಿಗೆಗೆ ಒಂದು ಪೈಪು, ಒಂದು ಸಣ್ಣ ತೊಟ್ಟಿ, ಅದಕ್ಕೊಂದು ಫ್ಲೋಟ್. ಹಸು ಕುಡಿದಷ್ಟೂ ತುಂಬಿಕೊಳ್ಳುತ್ತದೆ. ಎರಡು ಹಸುವಿನ ಮನೆಯಲ್ಲಿ ಒಂದು ಬಟವಾಡೆಯ ದುಡ್ಡು ಇದಕ್ಕೆ ಸಾಕು. ವಾರಕ್ಕೊಮ್ಮೆ ತೊಟ್ಟಿ ಉಜ್ಜಿ ಸುಣ್ಣ ಬಳಿದರೆ ಪಾಚಿಯೂ ಕಟ್ಟುವುದಿಲ್ಲ.

ಬೆಳಕು, ಹಾಸಿಗೆ, ಹುಲ್ಲು ಕತ್ತರಿಸುವ ಯಂತ್ರ

ಎರಡನೆಯದು ಬೆಳಕು. ಒಂಬತ್ತು ವ್ಯಾಟಿನ ಎಲ್‌ಇಡಿ ಬಲ್ಬನ್ನು ದಿನಕ್ಕೆ ನಾಲ್ಕು ಗಂಟೆ ಉರಿಸಿದರೆ ತಿಂಗಳಿಗೆ ಒಂದು ಯೂನಿಟ್ ಚಿಲ್ಲರೆ. ಇಷ್ಟಕ್ಕೂ ಕೈ ಹಿಡಿದು ಕೊಟ್ಟಿಗೆಯನ್ನು ಕತ್ತಲಲ್ಲಿ ಬಿಡುವುದರಿಂದ ಏನೇನು ಕಳೆಯುತ್ತೇವೆ ನೋಡಿ. ಮೊದಲ ಹಾಲಿನಲ್ಲಿ ಚೂರು ಗಂಟು ಬಂದದ್ದು ಕಾಣುವುದಿಲ್ಲ, ಕೆಚ್ಚಲು ಬಾವು ಎರಡು ದಿನ ತಡವಾಗಿ ಗೊತ್ತಾಗುತ್ತದೆ. ಬೆದೆಯ ಲಕ್ಷಣ ಹೆಚ್ಚಾಗಿ ರಾತ್ರಿ, ನಸುಕಿನಲ್ಲಿ ಕಾಣಿಸಿಕೊಳ್ಳುತ್ತದೆ. ಹಸು ಮಲಗಿದ ಜಾಗದಲ್ಲಿ ಬಿದ್ದ ಲೋಳೆ ಕಾಣದಿದ್ದರೆ ಆ ಬೆದೆ ಹೋಯಿತು, ಇನ್ನು 21 ದಿನ ಕಾಯಬೇಕು. ಆ 21 ದಿನದ ಹುಲ್ಲು, ಬೂಸ ಯಾರ ಖರ್ಚು?

ಬೆಳಕಿನ ಜೊತೆಗೇ ಒಂದು ಎಚ್ಚರಿಕೆ. ಕೊಟ್ಟಿಗೆ ಯಾವಾಗಲೂ ಒದ್ದೆ, ಹಸು ನಾಲ್ಕು ಕಾಲಲ್ಲಿ ಆ ಒದ್ದೆಯ ಮೇಲೆ ನಿಂತಿರುತ್ತದೆ. ಮನುಷ್ಯರಿಗೆ ಜುಮ್ಮೆನ್ನುವಷ್ಟು ಕರೆಂಟು ಹಸುವಿನ ಪ್ರಾಣ ತೆಗೆಯಬಹುದು. ಮನೆಯಿಂದ ಹಳೆಯ ವೈರು ಎಳೆದು, ಗಂಟಿಗೆ ಪ್ಲಾಸ್ಟಿಕ್ ಸುತ್ತಿ ಬಲ್ಬು ತೂಗುಹಾಕಬೇಡಿ. ಪೈಪಿನೊಳಗೆ ವೈರು, ಸರಿಯಾದ ಅರ್ಥಿಂಗು, 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಎಂಬ ಸ್ವಿಚ್ಚು, ಈ ಮೂರು ಇದ್ದರೆ ಸೋರಿಕೆಯಾದ ಕ್ಷಣವೇ ಕರೆಂಟು ನಿಲ್ಲುತ್ತದೆ. ಉಳಿಯುವುದು ಹಸು ಮಾತ್ರವಲ್ಲ, ಒದ್ದೆ ಕೈಯಲ್ಲಿ ಸ್ವಿಚ್ಚು ಒತ್ತುವ ನೀವೂ.

ಮೂರನೆಯದು ರಬ್ಬರ್ ಮ್ಯಾಟು. ಆರೋಗ್ಯವಂತ ಹಸು ದಿನಕ್ಕೆ 12ರಿಂದ 14 ಗಂಟೆ ಮಲಗಲು ಬಯಸುತ್ತದೆ. ಒಂದು ಲೀಟರ್ ಹಾಲಾಗಲು ಕೆಚ್ಚಲಿನ ಮೂಲಕ 400ರಿಂದ 500 ಲೀಟರ್ ರಕ್ತ ಹರಿಯಬೇಕು, ಹಸು ಮಲಗಿದಾಗ ಆ ಹರಿವು ಹೆಚ್ಚುತ್ತದೆ. ಕಲ್ಲು ಚಪ್ಪಡಿಯ ಮೇಲೆ ಹಸು ಮಲಗಲು ಹಿಂದೆಮುಂದೆ ನೋಡುತ್ತದೆ, ಮಂಡಿ ಊದಿಸಿಕೊಳ್ಳುತ್ತದೆ, ಏಳುವಾಗ ತನ್ನ ಮೊಲೆತೊಟ್ಟನ್ನು ತಾನೇ ತುಳಿಯುತ್ತದೆ. ಮ್ಯಾಟು ಹಾಕಿದ ಕೊಟ್ಟಿಗೆ ತೊಳೆಯುವುದೂ ಸುಲಭ. ನಮ್ಮ ಹಳೇಬೀಡಿನ ಹೊಯ್ಸಳೇಶ್ವರನ ಮುಂದಿರುವ ಕಲ್ಲಿನ ನಂದಿಗಳಿಗೆ ರಾಜರು ಮಂಟಪ ಕಟ್ಟಿಸಿದರು. ದಿನಾ ಹಾಲು ಕೊಡುವ ನಂದಿಯ ತಂಗಿಗೆ ನಾವೊಂದು ಹಾಸಿಗೆಯನ್ನಾದರೂ ಕೊಡೋಣ.

ನಾಲ್ಕನೆಯದು ಹುಲ್ಲು ಕತ್ತರಿಸುವ ಯಂತ್ರ. ನೇಪಿಯರ್ ಹುಲ್ಲನ್ನಾಗಲಿ, ಜೋಳದ ದಂಟನ್ನಾಗಲಿ ಇಡಿಯಾಗಿ ಹಾಕಿದರೆ ಹಸು ಎಲೆ ತಿಂದು ದಂಟು ಬಿಡುತ್ತದೆ, ಬಿಟ್ಟದ್ದು ತುಳಿತದಲ್ಲಿ ತಿಪ್ಪೆ ಸೇರುತ್ತದೆ. ಎರಡು ಎಕರೆಯಲ್ಲಿ ಬೆಳೆದದ್ದು ಒಂದೂವರೆ ಎಕರೆಯಷ್ಟೂ ಹೊಟ್ಟೆಗೆ ಹೋಗಲಿಲ್ಲ ಎಂದರೆ ಯಾರ ಬೆನ್ನು ವ್ಯರ್ಥವಾಗಿ ಬಗ್ಗಿದ್ದು? ಒಂದೆರಡು ಅಂಗುಲಕ್ಕೆ ಕತ್ತರಿಸಿ ಹಾಕಿದರೆ ದಂಟೂ ಮುಗಿಯುತ್ತದೆ, ಒಣ ರಾಗಿಹುಲ್ಲಿನೊಂದಿಗೆ ಬೆರೆಸಲೂ ಬರುತ್ತದೆ. ಅರಸೀಕೆರೆ ಕಡೆಯ ಒಣ ಸೀಮೆಯಲ್ಲಿ, ಹಸಿರು ಮೇವು ಕಡಿಮೆ ಇರುವ ಕಡೆ, ಇದರ ಉಪಯೋಗ ಇನ್ನೂ ಹೆಚ್ಚು.

ಇದು ಬೆರಳು ತಿನ್ನುವ ಯಂತ್ರವೂ ಹೌದು. ಸೆರಗು ಸೊಂಟಕ್ಕೆ ಬಿಗಿದು, ಜಡೆ ಕಟ್ಟಿ, ಕೈಬಳೆ ಮೇಲಕ್ಕೇರಿಸಿ ನಿಲ್ಲಿ. ಹುಲ್ಲು ಸಿಕ್ಕಿಕೊಂಡರೆ ಸ್ವಿಚ್ಚು ಆರಿಸಿ ಚಕ್ರ ಪೂರ್ತಿ ನಿಂತ ಮೇಲೆಯೇ ಕೈ ಹಾಕಿ. ಚಕ್ರಕ್ಕೆ, ಬೆಲ್ಟಿಗೆ ಮುಚ್ಚಳ ಇಲ್ಲದ ಯಂತ್ರ ಅಗ್ಗಕ್ಕೆ ಸಿಕ್ಕರೂ ಬೇಡ. ಮಕ್ಕಳನ್ನು ಹುಲ್ಲು ನೂಕಲು ನಿಲ್ಲಿಸಲೇಬೇಡಿ.

ಹಾಲು ಕರೆಯುವ ಯಂತ್ರ: ಯಾರಿಗೆ ಬೇಕು, ಯಾರಿಗೆ ಬೇಡ

ಹೆಚ್ಚು ಜನ ನನ್ನನ್ನು ಕೇಳುವುದು ಇದನ್ನೇ, ಹೆಚ್ಚು ತಪ್ಪು ತಿಳಿವಳಿಕೆ ಇರುವುದೂ ಇದರ ಬಗ್ಗೆಯೇ. ಇದರ ಚರಿತ್ರೆಯಲ್ಲಿ ಒಬ್ಬ ಹೆಂಗಸಿದ್ದಾಳೆ. ಅಮೆರಿಕದ ನ್ಯೂಜೆರ್ಸಿಯ ಅನ್ನಾ ಬಾಲ್ಡ್ವಿನ್ 1879ರಲ್ಲಿ ಹಾಲು ಕರೆಯುವ ಸಾಧನವೊಂದಕ್ಕೆ ಪೇಟೆಂಟ್ ಪಡೆದಳು. ಕೆಚ್ಚಲಿಗೆ ರಬ್ಬರಿನ ಕೈಚೀಲದಂಥದ್ದು ತೊಡಿಸಿ ಪಂಪಿನಿಂದ ಎಳೆಯುವುದು. ಅದು ಬಳಕೆಗೆ ನಿಲ್ಲಲಿಲ್ಲ. ಒಂದೇ ಸಮನೆ ಎಳೆದರೆ ತೊಟ್ಟಿನಲ್ಲಿ ರಕ್ತ ಕಟ್ಟಿ ಹಸುವಿಗೆ ನೋವಾಗುತ್ತದೆ. ಕರು ಹಾಗೆ ಕುಡಿಯುವುದಿಲ್ಲ, ಎಳೆದು ಬಿಟ್ಟು, ಎಳೆದು ಬಿಟ್ಟು ಕುಡಿಯುತ್ತದೆ. 1895ರಲ್ಲಿ ಸ್ಕಾಟ್ಲೆಂಡಿನ ಅಲೆಕ್ಸಾಂಡರ್ ಶೀಲ್ಸ್ ಎಳೆದು ಬಿಡುವ ‘ಪಲ್ಸೇಟರ್’ ಸೇರಿಸಿದ ಮೇಲೆ ದಾರಿ ತೆರೆಯಿತು. ಇವತ್ತಿನ ಯಂತ್ರದಲ್ಲಿ ನಿಮಿಷಕ್ಕೆ ಸುಮಾರು 60 ಸಲ ಕೇಳುವ ಟಕ್ ಟಕ್ ಶಬ್ದ ಅದರದ್ದೇ. ಅಂದರೆ ಒಳ್ಳೆಯ ಯಂತ್ರ ನಕಲು ಮಾಡುವುದು ಕರುವನ್ನು.

“ಕೈಯಲ್ಲಿ ಕರೆದರೇ ಹಸು ಸೊರೆ ಬಿಡುವುದು” ಎಂಬ ಮಾತು ಅರ್ಧ ನಿಜ. ಕೆಚ್ಚಲು ತೊಳೆದು ಸವರಿದಾಗ, ಕರು ಕಂಡಾಗ, ಪಾತ್ರೆಯ ಸದ್ದು ಕೇಳಿದಾಗ ಹಸುವಿನ ಮೈಯಲ್ಲಿ ಆಕ್ಸಿಟೋಸಿನ್ ಎಂಬ ರಸ ಬಿಡುಗಡೆಯಾಗಿ ಸೊರೆ ಇಳಿಯುತ್ತದೆ. ಅದರ ಬಲ ಐದರಿಂದ ಏಳು ನಿಮಿಷ. ಆ ಹೊತ್ತಿನೊಳಗೆ ಕರೆದು ಮುಗಿಸಬೇಕು. ಹತ್ತು ಹದಿನೈದು ದಿನ ಅಭ್ಯಾಸವಾದರೆ ಯಂತ್ರದ ಶಬ್ದಕ್ಕೇ ಹಸು ಸೊರೆ ಬಿಡಲು ಕಲಿಯುತ್ತದೆ. ಬೈದು, ಹೊಡೆದು, ಹೆದರಿಸಿದರೆ ಕೈಗೂ ಬಿಡುವುದಿಲ್ಲ, ಯಂತ್ರಕ್ಕೂ ಬಿಡುವುದಿಲ್ಲ.

ಹಾಗಾದರೆ ಎಲ್ಲರೂ ಕೊಳ್ಳಬೇಕೇ? ಬೇಡ. ಒಂದೆರಡು ಹಸು ಇರುವವರಿಗೆ ಯಂತ್ರ ಜೋಡಿಸಿ, ತೊಳೆದು, ಒಣಗಿಸುವ ಹೊತ್ತಿಗೆ ಕೈಯಲ್ಲೇ ಕರೆದು ಡೇರಿಗೆ ಹಾಕಿ ಬಂದಿರಬಹುದು. ನಾಲ್ಕೈದು ಹಸು ಕರೆಯುವವರು, ಮಣಿಕಟ್ಟು ನೋಯುವವರು, ವಯಸ್ಸಾದವರು ಖಂಡಿತ ಕೊಳ್ಳಲಿ. ಒಂದೆರಡು ಹಸು ಇರುವವರು ಮುಷ್ಟಿ ಹಿಡಿತದಲ್ಲಿ ಕರೆಯಿರಿ. ಹೆಬ್ಬೆರಳು ಮಡಚಿ ಎಳೆಯುವ ಅಭ್ಯಾಸ ನಿಮ್ಮ ಬೆರಳನ್ನೂ ಹಸುವಿನ ತೊಟ್ಟನ್ನೂ ಒಟ್ಟಿಗೆ ಕೆಡಿಸುತ್ತದೆ.

ಕೊಂಡವರು ನಾಲ್ಕು ಮಾತು ನೆನಪಿಡಿ. ಯಂತ್ರ ಹಾಕುವ ಮುಂಚೆ ಒಂದೆರಡು ಧಾರೆ ಬೇರೆ ಬಟ್ಟಲಿಗೆ ಕರೆದು ನೋಡಿ. ಹಾಲು ನಿಂತ ಕೂಡಲೇ ತೆಗೆಯಿರಿ, ಖಾಲಿ ಕೆಚ್ಚಲನ್ನು ಎಳೆಯಲು ಬಿಡಬೇಡಿ. ಮುಗಿದ ಮೇಲೆ ತೊಟ್ಟನ್ನು ಅಯೋಡಿನ್ ದ್ರಾವಣದಲ್ಲಿ ಅದ್ದಿ, ಹಸಿ ಹುಲ್ಲು ಹಾಕಿ ಅರ್ಧ ಗಂಟೆ ನಿಲ್ಲಿಸಿಕೊಳ್ಳಿ, ತೊಟ್ಟಿನ ಬಾಯಿ ಮುಚ್ಚಲು ಅಷ್ಟು ಹೊತ್ತು ಬೇಕು. ತೊಳೆಯುವಾಗ ಮೊದಲು ತಣ್ಣೀರು, ಆಮೇಲೆ ಸೋಪಿನ ಬಿಸಿನೀರು. ಹಾಲಿನ ಪಾತ್ರೆಗೆ ನೇರ ಬಿಸಿನೀರು ಹಾಕಿದರೆ ಕಟ್ಟಿಕೊಳ್ಳುತ್ತದೆಂದು ನಿಮಗೆ ನಾನು ಹೇಳಿಕೊಡಬೇಕಿಲ್ಲ. ಒಳಗಿನ ರಬ್ಬರ್ ಲೈನರ್ ಸೀಳಿ ಕಾಣದಿದ್ದರೂ ಆರು ತಿಂಗಳಿಗೊಮ್ಮೆ ಬದಲಿಸಿ.

ಮನೆಯಲ್ಲೇ ಇರುವ ಸಿಲಿಂಡರು

ಇನ್ನೊಂದು ಸಾಮಾನು ಕೊಟ್ಟಿಗೆಯಿಂದ ಅಡುಗೆಮನೆಗೆ ಹೋಗುವಂಥದ್ದು. ಎರಡು ಘನ ಮೀಟರಿನ ಗೋಬರ್ ಗ್ಯಾಸ್ ಘಟಕಕ್ಕೆ ದಿನಕ್ಕೆ ಸುಮಾರು 50 ಕಿಲೋ ಸಗಣಿ ಬೇಕು, ಮಿಶ್ರತಳಿಯ ಮೂರು ನಾಲ್ಕು ಹಸು ಇದ್ದರೆ ಸಾಕು. ಸಾಧಾರಣ ಕುಟುಂಬದ ಅಡುಗೆ ಅದರಲ್ಲಿ ನಡೆಯುತ್ತದೆ. ಹೊರಬರುವ ಬಗ್ಗಡ ತಿಪ್ಪೆಗೊಬ್ಬರಕ್ಕಿಂತ ಬೇಗ ಗಿಡಕ್ಕೆ ದಕ್ಕುತ್ತದೆ, ಅದರಲ್ಲಿ ಕಳೆಬೀಜದ ಕಾಟವೂ ಕಡಿಮೆ. ಹಿಂದೆ ಕಟ್ಟಿದ ಎಷ್ಟೋ ಘಟಕಗಳು ಪಾಳು ಬಿದ್ದಿವೆಯಲ್ಲ ಎನ್ನುತ್ತೀರಿ, ಹೌದು. ಕಟ್ಟಿದ ಮೇಲೆ ನೋಡುವವರಿಲ್ಲದೆ, ಹಸು ಮಾರಿದ ಮೇಲೆ ಸಗಣಿ ಇಲ್ಲದೆ ನಿಂತವು. ಪುರ ಗ್ರಾಮದ ಪಾಠ ಇಲ್ಲೂ ಅದೇ. ಸಗಣಿ ಎಷ್ಟಿದೆ ಎಂದು ಮೊದಲು ತೂಗಿ ನೋಡಿ, ಆಮೇಲೆ ಗುಂಡಿ ತೋಡಿ.

“ಇಷ್ಟು ದಿನ ಆಗಲಿಲ್ಲವೇ?”

ಇಷ್ಟು ಹೇಳಿದರೆ ಮನೆಯ ಜಗಲಿಯಿಂದ ಒಂದು ಪ್ರಶ್ನೆ ಬರುತ್ತದೆ. “ಇಷ್ಟು ದಿನ ಆಗಲಿಲ್ಲವೇ? ನಮ್ಮಮ್ಮ ಎಂಟು ಹಸು ಸಾಕಿದಳು, ಯಾವ ಯಂತ್ರ ಇತ್ತು?”

ಅಮ್ಮ ಸಾಕಿದ್ದು ನಾಟಿ ಹಸು. ಅದು ಹೊಲ ಗೋಮಾಳ ಮೇದು, ಕೆರೆಯಲ್ಲಿ ನೀರು ಕುಡಿದು, ಸಂಜೆ ತಾನೇ ಮನೆಗೆ ಬರುತ್ತಿತ್ತು. ಕೊಡುತ್ತಿದ್ದುದು ಒಂದೆರಡು ಲೀಟರ್. ಇವತ್ತಿನ ಎಚ್‌ಎಫ್ ಹಸು ದಿನವಿಡೀ ಗೊಂತಿನಲ್ಲಿರುತ್ತದೆ. ಅದರ ಹುಲ್ಲು, ನೀರು, ಸಗಣಿ ಎಲ್ಲವೂ ನಿಮ್ಮ ಕೈಯಿಂದಲೇ ಆಗಬೇಕು. ಹಸು ಬದಲಾಯಿತು, ಹಾಲು ಐದು ಪಟ್ಟಾಯಿತು, ಕೆಲಸವೂ ಐದು ಪಟ್ಟಾಯಿತು. ಬದಲಾಗದೆ ಉಳಿದದ್ದು ಕೆಲಸದ ಸಾಮಾನು ಮಾತ್ರ. ಹೊಸ ಹಸುವಿಗೆ ಹಳೆಯ ಕೊಟ್ಟಿಗೆ ಒಗ್ಗುವುದಿಲ್ಲ, ಹಳೆಯ ಸೊಂಟವೂ ತಡೆಯುವುದಿಲ್ಲ.

ದುಡ್ಡೆಲ್ಲಿದೆ ಎನ್ನುವವರಿಗೆ ಒಂದು ಮಾತು. ಹೊಲಕ್ಕೆ ಟ್ರ್ಯಾಕ್ಟರ್ ಬಾಡಿಗೆ ತರುವಾಗ ಯಾರೂ ಹೀಗೆ ಕೇಳುವುದಿಲ್ಲ. ಉಳುಮೆ ಗಂಡಸಿನ ಕೆಲಸ, ಅದಕ್ಕೆ ಯಂತ್ರ ಬೇಗ ಬಂತು. ಸಗಣಿ ಬಾಚುವುದು, ನೀರು ಹೊರುವುದು, ಹುಲ್ಲು ಕೊಯ್ಯುವುದು ಹೆಂಗಸಿನ ಕೆಲಸ, ಅದಕ್ಕೆ ‘ಇಷ್ಟು ದಿನ ಆಗಲಿಲ್ಲವೇ’ ಎಂಬ ಉತ್ತರ ಬಂತು. ಕಾರಣ ದುಡ್ಡಿನ ಕೊರತೆಯಲ್ಲ. ನಿಮ್ಮ ಶ್ರಮಕ್ಕೆ ಕೂಲಿ ಲೆಕ್ಕ ಹಾಕಿದವರಿಲ್ಲ, ಬಿಟ್ಟಿ ಸಿಗುವ ಶ್ರಮವನ್ನು ಉಳಿಸಲು ಯಾರೂ ಕಾಸು ಬಿಚ್ಚುವುದಿಲ್ಲ.

ಸೋಮಾರಿಗಳಾಗುತ್ತಾರೆ ಎಂಬ ಮಾತೂ ಇದೆ. ಮಿಕ್ಸಿ ಬಂದು ನಲವತ್ತು ವರ್ಷವಾಯಿತು, ಸೋಮಾರಿಯಾದ ಹೆಂಗಸನ್ನು ನಾನಿನ್ನೂ ನೋಡಿಲ್ಲ. ಉಳಿದ ಅರ್ಧ ಗಂಟೆಯನ್ನು ಮನೆ ಮತ್ತೊಂದು ಕೆಲಸಕ್ಕೆ ನುಂಗಿದ್ದನ್ನು ಮಾತ್ರ ನೋಡಿದ್ದೇನೆ. ಅದಕ್ಕೇ ಒಂದು ಎಚ್ಚರಿಕೆ ಹೇಳಬೇಕು. ಯಂತ್ರ ಬಂತೆಂದು ಮರುದಿನವೇ ಇನ್ನೆರಡು ಹಸು ತಂದು ಕಟ್ಟಿದರೆ ಸುಖ ಬಂದ ದಾರಿಯಲ್ಲೇ ವಾಪಸ್ಸು ಹೋಗುತ್ತದೆ. ಉಳಿದ ಗಂಟೆಯಲ್ಲಿ ಮೊದಲ ಪಾಲು ನಿಮ್ಮದಾಗಿರಲಿ. ಮಲಗಿ, ಮಗುವಿನ ಪುಸ್ತಕ ನೋಡಿ, ಸಂಘದ ಸಭೆಗೆ ಹೋಗಿ, ಸುಮ್ಮನೆ ಜಗಲಿಯಲ್ಲಿ ಕೂತುಕೊಳ್ಳಿ. ಅದಕ್ಕೆ ಯಾರಿಗೂ ಲೆಕ್ಕ ಒಪ್ಪಿಸಬೇಕಿಲ್ಲ.

ಏನು ಮಾಡಬೇಕು

ಮನೆಯಲ್ಲಿ: ಒಂದೇ ಸಲ ಎಲ್ಲ ಬೇಡ. ಮೊದಲು ಕೊಟ್ಟಿಗೆಗೆ ನಲ್ಲಿ. ಆಮೇಲೆ ಬೆಳಕು ಮತ್ತು ಸುರಕ್ಷಿತ ವೈರಿಂಗ್. ಆಮೇಲೆ ಮ್ಯಾಟು. ನಂತರ ಹುಲ್ಲು ಕತ್ತರಿಸುವ ಯಂತ್ರ, ಇಬ್ಬರು ಮೂವರು ಅಕ್ಕಪಕ್ಕದವರು ಸೇರಿ ಒಂದನ್ನು ಕೊಂಡರೂ ಆದೀತು. ಹಸುಗಳ ಸಂಖ್ಯೆ ನೋಡಿ ಕೊನೆಗೆ ಹಾಲು ಕರೆಯುವ ಯಂತ್ರ. ಮೊದಲ ಮೂರಕ್ಕೆ ಸಾಲವೂ ಬೇಕಿಲ್ಲ, ಸಹಾಯಧನಕ್ಕೆ ಕಾಯುವುದೂ ಬೇಕಿಲ್ಲ. ಹಾಲಿಗೆ ಲೀಟರಿಗೆ 5 ರೂಪಾಯಿ ಸರ್ಕಾರದ ಪ್ರೋತ್ಸಾಹಧನ ಖಾತೆಗೆ ಬಂದಾಗ ಅದರಲ್ಲೊಂದು ಪಾಲು ‘ಕೊಟ್ಟಿಗೆಯದು’ ಎಂದು ಎತ್ತಿಡಿ.

ಸಂಘದಲ್ಲಿ: ಹಸು ನೋಡುವವರು ನೀವು, ಸದಸ್ಯತ್ವ ಯಾರ ಹೆಸರಲ್ಲಿದೆ, ಬಟವಾಡೆ ಯಾರ ಖಾತೆಗೆ ಹೋಗುತ್ತದೆ ಎಂದು ಒಮ್ಮೆ ನೋಡಿಕೊಳ್ಳಿ. ‘ಸ್ಟೆಪ್’ ಯೋಜನೆಯ ಕಾಲದಿಂದ ನಮ್ಮ ರಾಜ್ಯದಲ್ಲಿ ಹೆಂಗಸರೇ ನಡೆಸುವ ಹಾಲು ಉತ್ಪಾದಕರ ಸಂಘಗಳಿವೆ, ಲೆಕ್ಕಪತ್ರ ಬರೆದು ಹಾಲು ಪರೀಕ್ಷೆ ಮಾಡುತ್ತಿರುವವರು ನಿಮ್ಮಂಥವರೇ. ವಾರ್ಷಿಕ ಮಹಾಸಭೆಗೆ ರುಜು ಹಾಕಿ ಕಾಫಿ ಕುಡಿದು ಬರಬೇಡಿ, ಎದ್ದು ನಿಂತು ಮ್ಯಾಟು, ಯಂತ್ರದ ಮಾತು ಎತ್ತಿ.

ಪಂಚಾಯಿತಿಯಲ್ಲಿ: ಜಲ ಜೀವನ್ ಯೋಜನೆಯ ಊರಿನ ನೀರು ಸಮಿತಿಯಲ್ಲಿ ಅರ್ಧದಷ್ಟು ಹೆಂಗಸರಿರಬೇಕೆಂದು ಮಾರ್ಗಸೂಚಿ ಹೇಳುತ್ತದೆ. ಅಲ್ಲಿ ಕೇಳಿ: 55 ಲೀಟರಿನ ಲೆಕ್ಕದಲ್ಲಿ ಊರಿನ ಹಸುಗಳೆಲ್ಲಿ?

ನಮ್ಮ ಒಕ್ಕೂಟಕ್ಕೂ ಇಲಾಖೆಗೂ ನನ್ನದೊಂದು ಮನವಿ. ಗ್ಯಾಸ್ ಸಂಪರ್ಕವನ್ನು ಹೆಂಗಸಿನ ಹೆಸರಲ್ಲೇ ಕೊಡಬೇಕೆಂಬ ನಿಯಮ ಸಾಧ್ಯವಾದರೆ, ಸಹಾಯಧನದ ಮ್ಯಾಟು, ಹುಲ್ಲಿನ ಯಂತ್ರ, ಹಾಲು ಕರೆಯುವ ಯಂತ್ರವನ್ನೂ ಹಸು ನೋಡುವವಳ ಹೆಸರಲ್ಲೇ ಕೊಡುವುದು ಸಾಧ್ಯ. ತರಬೇತಿಯನ್ನೂ ಅವಳಿಗೇ ಕೊಡಬೇಕು. ಅದು ಮಧ್ಯಾಹ್ನ ಹನ್ನೆರಡರಿಂದ ಮೂರರೊಳಗೆ, ಊರಲ್ಲೇ ನಡೆಯಬೇಕು. ಬೆಳಿಗ್ಗೆ ಒಂಬತ್ತಕ್ಕೆ ಪಟ್ಟಣದಲ್ಲಿ ತರಬೇತಿ ಇಟ್ಟರೆ ಬರುವವರು ಗಂಡಸರೇ. ಕೆಟ್ಟ ಯಂತ್ರ ರಿಪೇರಿ ಮಾಡುವವರು ಹೋಬಳಿಗೆ ಒಬ್ಬರಾದರೂ ಇರಬೇಕು. ಲೈನರ್ ಸಿಗದೆ ಮೂಲೆ ಸೇರಿದ ಯಂತ್ರಕ್ಕಿಂತ ಕೈಯೇ ಮೇಲು.

ಕೊನೆಯದಾಗಿ, ನಿಮ್ಮ ಕೈಯಲ್ಲಾಗಲೇ ಇರುವ ಒಂದು ಯಂತ್ರ. ಹಸು ಮೇವು ಬಿಟ್ಟರೆ, ಕೆಚ್ಚಲು ಬಿಸಿಯಾದರೆ, ಕರು ಹಾಕಲು ಕಷ್ಟಪಟ್ಟರೆ ಫೋನಿನಲ್ಲಿ 1962 ಒತ್ತಿ, ಸಂಚಾರಿ ಪಶು ಚಿಕಿತ್ಸಾ ವಾಹನಕ್ಕೆ ಹೇಳಬಹುದು. ಮನೆಯವರು ಬರಲಿ, ಕೇಳಿ ಮಾಡೋಣ ಎಂದು ಸಂಜೆವರೆಗೆ ಕಾಯಬೇಡಿ. ಹಸುವಿನ ಕಷ್ಟ ಮೊದಲು ಕಂಡವರು ನೀವು, ಕರೆ ಮಾಡುವ ಅಧಿಕಾರವೂ ನಿಮ್ಮದೇ.

ಈ ಬಟವಾಡೆಯಲ್ಲಿ ಒಂದು ಪೈಪು, ಒಂದು ಫ್ಲೋಟ್ ತನ್ನಿ. ಮುಂದಿನದನ್ನು ಮುಂದಿನ ಬಟವಾಡೆಗೆ ನೋಡೋಣ.